ಪೋಲೆಂಡಿನಲ್ಲೊಬ್ಬ ಶಿರಸ್ತೇದಾರ

ಮೊದಲ ದಿನ, ಶನಿವಾರ

ಮೂವತ್ನಾಲ್ಕು ವರ್ಷ ಕಂದಾಯ ಇಲಾಖೆಯಲ್ಲಿ ಸವೆದವನಿಗೆ ಹೊಸ ಊರಿಗೆ ಕಾಲಿಟ್ಟ ಕೂಡಲೇ ಏಳುವ ಪ್ರಶ್ನೆ ಒಂದೇ: ಈ ಜಾಗ ಮೊದಲು ಯಾರ ಹೆಸರಿನಲ್ಲಿತ್ತು? ಹಾಸನದಿಂದ ಹೊರಟು ವಾರ್ಸಾದ ಮಗಳ ಮನೆ ಮುಟ್ಟಿದ ಸಂಜೆಯೂ ಅದೇ ಆಯಿತು. ಮೇ ತಿಂಗಳು. ಬೀದಿಬದಿಗೆಲ್ಲ ನೇರಳೆ ಬಣ್ಣದ ಲೈಲಾಕ್ ಹೂ. ರಾತ್ರಿ ಎಂಟೂವರೆಯಾದರೂ ಬೆಳಕು. ನಾನು ನೋಡುತ್ತಾ ನಿಂತದ್ದು ಮಾತ್ರ ಮನೆಯ ಮೆಟ್ಟಿಲನ್ನು.

ಮಗಳಿರುವ ಬಡಾವಣೆಯ ಹೆಸರು ಮುರಾನೂಫ್. ರಸ್ತೆ ತಗ್ಗಿನಲ್ಲಿದೆ, ಎಷ್ಟೋ ಕಟ್ಟಡಗಳು ದಿಬ್ಬದ ಮೇಲಿವೆ. ಸಪಾಟಾದ ಊರಿನಲ್ಲಿ ಈ ದಿಬ್ಬ ಎಲ್ಲಿಂದ ಬಂತು? "ಅಪ್ಪ, ಅದು ಮಣ್ಣಲ್ಲ" ಅಂದಳು ಮಗಳು. ಯುದ್ಧಕಾಲದಲ್ಲಿ ಜರ್ಮನರು 4 ಲಕ್ಷಕ್ಕೂ ಹೆಚ್ಚು ಯಹೂದಿಗಳನ್ನು ಗೋಡೆ ಕಟ್ಟಿ ಕೂಡಿಹಾಕಿದ ಘೆಟ್ಟೊ ಇದ್ದದ್ದು ಇಲ್ಲೇ. 1943ರ ಬಂಡಾಯದ ನಂತರ ಅದನ್ನು ಮನೆಮನೆಯಾಗಿ ಕೆಡವಿದರು. ಯುದ್ಧ ಮುಗಿದಾಗ ಅಷ್ಟು ಇಟ್ಟಿಗೆ ಕಲ್ಲನ್ನು ಸಾಗಿಸುವ ಶಕ್ತಿ ಯಾರಿಗೂ ಇರಲಿಲ್ಲ. ಅದರ ಮೇಲೆಯೇ, ಅದನ್ನೇ ಪುಡಿ ಮಾಡಿ ಎರಕ ಹೊಯ್ದ ಬ್ಲಾಕುಗಳಿಂದಲೇ, ಹೊಸ ಬಡಾವಣೆ ಎದ್ದಿತು.

ಒಳಗೆ ಹೋದರೆ ಬಾಗಿಲ ಪಕ್ಕ ಒಂದು ಚಿಕ್ಕ ಚಿತ್ರಪಟ. ಗಡ್ಡದ ಮುದುಕ, ತಲೆಗೆ ಕರಿ ಟೋಪಿ, ಮೇಜಿನ ಮೇಲೆ ಬಂಗಾರದ ನಾಣ್ಯ, ಎಣಿಸುತ್ತಿದ್ದಾನೆ. ನನ್ನಾಕೆ ಚಪ್ಪಲಿ ಬಿಡುತ್ತಲೇ "ನಮ್ಮ ಕುಬೇರನ ಹಾಗೇ ಇದಾನಲ್ಲ ಕಣೇ" ಅಂದಳು. ಊದುಬತ್ತಿ ಪ್ಯಾಕೆಟ್ ಸೂಟ್‌ಕೇಸಿನಲ್ಲಿ ಮೇಲೇ ಇತ್ತು.

"ಅಯ್ಯೋ ಅಮ್ಮ, ಅದು ಯಹೂದಿ. ಓನರಮ್ಮ ಹಾಕಿರೋದು. ನೇತುಹಾಕಿದ್ರೆ ಮನೆಗೆ ದುಡ್ಡು ಬರುತ್ತಂತೆ. ಶನಿವಾರ ತಲೆಕೆಳಗೆ ಮಾಡಿದ್ರೆ ಅವನ ಹತ್ರ ಇರೋದೆಲ್ಲ ಮನೆಗೆ ಸುರಿಯುತ್ತಂತೆ."

ಶನಿವಾರ ಯಹೂದಿಗಳು ದುಡ್ಡು ಮುಟ್ಟದ ದಿನ. ಅವತ್ತು ಶನಿವಾರವೇ. ಪಟ ನೆಟ್ಟಗಿತ್ತು.

ಎರಡನೇ ದಿನ, ಭಾನುವಾರ

ಮಗಳ ಆಫೀಸಿನ ಹಿರಿಯರೊಬ್ಬರು ಊರು ತೋರಿಸಲು ಬಂದರು. ಅರವತ್ತೈದು ದಾಟಿದವರು, ಮುಂದಿನ ವರ್ಷ ನಿವೃತ್ತಿ. ಅರಮನೆ ತೋರಿಸಲೋ, ನದಿ ತೋರಿಸಲೋ ಎಂದು ಕೇಳಿದಾಗ ನಾನು ದಾಖಲೆ, ಕಡತ, ಹಳೇ ನಿಲ್ದಾಣ ಅಂದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ ಮೆಟ್ರೊ ಹತ್ತಿಸಿದರು. ಇಳಿದದ್ದು ದ್ವೊಜೆಟ್ಸ್ ಗ್ದಾನ್‌ಸ್ಕಿ, ಅಂದರೆ ಗ್ದಾನ್‌ಸ್ಕ್ ರೈಲು ನಿಲ್ದಾಣ.

ನಮ್ಮ ಅರಸೀಕೆರೆ ಜಂಕ್ಷನ್ನಿನ ಗದ್ದಲವೂ ಇಲ್ಲ. ಸುತ್ತ ಗಾಜಿನ ಆಫೀಸುಗಳು. ಕಟ್ಟಡದ ಗೋಡೆಯಲ್ಲಿ ಒಂದು ಫಲಕ: ಇಲ್ಲಿಂದ ಹೋದವರು ತಮ್ಮ ಬಳಿ ಇದ್ದದ್ದಕ್ಕಿಂತ ಹೆಚ್ಚಿನದನ್ನು ಬಿಟ್ಟುಹೋದರು ಎಂಬರ್ಥದ ಸಾಲು. ಹಿರಿಯರು ಟೋಪಿ ತೆಗೆದರು.

ಕಥೆ ಇದು. 1967ರ ಜೂನ್‌ನಲ್ಲಿ ಇಸ್ರೇಲ್ ಆರು ದಿನದ ಯುದ್ಧ ಗೆದ್ದಿತು. ಸೋವಿಯತ್ ಕೂಟದ ದೇಶಗಳು, ರುಮೇನಿಯಾ ಒಂದನ್ನು ಬಿಟ್ಟು, ಇಸ್ರೇಲ್ ಜೊತೆ ರಾಜತಾಂತ್ರಿಕ ಸಂಬಂಧ ಕಡಿದುಕೊಂಡವು. ಪೋಲೆಂಡೂ ಕಡಿದುಕೊಂಡಿತು. ಅಷ್ಟಕ್ಕೇ ನಿಂತಿದ್ದರೆ ಅದು ವಿದೇಶಾಂಗ ನೀತಿ. ಆದರೆ ಒಂದೇ ವಾರದಲ್ಲಿ ಕಮ್ಯುನಿಸ್ಟ್ ಪಕ್ಷದ ನಾಯಕ ವ್ಲಾಡಿಸ್ಲಾವ್ ಗೊಮುಲ್ಕಾ ಕಾರ್ಮಿಕ ಸಂಘಗಳ ಸಮ್ಮೇಳನದಲ್ಲಿ ನಿಂತು, ದೇಶದೊಳಗೇ 'ಐದನೇ ಪಡೆ', ಅಂದರೆ ಒಳಗಿದ್ದುಕೊಂಡೇ ಶತ್ರುವಿಗೆ ದುಡಿಯುವವರ ಗುಂಪು, ಇದೆ ಎಂದ. ಯಾರನ್ನು ಕುರಿತು ಎಂದು ಎಲ್ಲರಿಗೂ ಗೊತ್ತಾಯಿತು. ಗೊಮುಲ್ಕಾನ ಹೆಂಡತಿಯೇ ಯಹೂದಿ ಎಂಬುದೂ ಗೊತ್ತಿತ್ತು.

1968ರ ಜನವರಿಯಲ್ಲಿ ರಾಷ್ಟ್ರಕವಿ ಮಿತ್ಸ್ಕಿಯೇವಿಚ್‌ನ ನಾಟಕವೊಂದನ್ನು ರಷ್ಯಾ ವಿರೋಧಿ ವಾಸನೆ ಹೊಡೆಯುತ್ತದೆಂದು ಸರ್ಕಾರ ನಿಲ್ಲಿಸಿತು. ವಿದ್ಯಾರ್ಥಿಗಳು ಬೀದಿಗಿಳಿದರು. ಮಾರ್ಚ್ 8ರಂದು ವಾರ್ಸಾ ವಿಶ್ವವಿದ್ಯಾಲಯದ ಅಂಗಳದಲ್ಲಿ ಲಾಠಿ ಬಿತ್ತು. ಗಲಾಟೆಗೆ ಕಾರಣ ಯಾರು? ಪತ್ರಿಕೆಗಳು ವಿದ್ಯಾರ್ಥಿ ಮುಖಂಡರ ಅಪ್ಪಂದಿರ ಯಹೂದಿ ಹೆಸರುಗಳನ್ನು ಹುಡುಕಿ ಅಚ್ಚು ಹಾಕಿದವು. 'ಜಿಯೋನಿಸ್ಟ್', ಅಂದರೆ ಯಹೂದಿ ರಾಷ್ಟ್ರದ ಪಕ್ಷಪಾತಿ, ಎಂಬ ಪದ ಮುಂದಿಟ್ಟುಕೊಂಡು ಕಾರ್ಖಾನೆ, ಆಸ್ಪತ್ರೆ, ಸೈನ್ಯ, ಕಾಲೇಜುಗಳಿಂದ ಜನರನ್ನು ತೆಗೆದರು. ಇಸ್ರೇಲ್ ಎಲ್ಲಿದೆ ಎಂದು ನಕ್ಷೆಯಲ್ಲಿ ಹುಡುಕಬೇಕಾದವರು, ಮನೆಯಲ್ಲಿ ಪೋಲಿಶ್ ಬಿಟ್ಟು ಬೇರೆ ಮಾತಾಡದವರು, ಪಕ್ಷದ ಕಾರ್ಡು ಇಟ್ಟುಕೊಂಡವರು, ಎಲ್ಲರೂ ಒಂದೇ ಪಟ್ಟಿಯಲ್ಲಿ.

ಹೋಗುವವರಿಗೆ ಸರ್ಕಾರ ಬಾಗಿಲು ತೆರೆಯಿತು, ಬಾಗಿಲಲ್ಲೊಬ್ಬ ಗುಮಾಸ್ತನನ್ನೂ ಕೂರಿಸಿತು. ಮೊದಲು ಪೌರತ್ವ ಬಿಟ್ಟುಕೊಡುತ್ತೇನೆಂಬ ಅರ್ಜಿ. ಅದಕ್ಕೆ ಶುಲ್ಕ. ಕೈಯಲ್ಲಿ ಒಯ್ಯಬಹುದಾದದ್ದು ತಲೆಗೆ 5 ಡಾಲರ್. ಸಾಮಾನಿನ ಪಟ್ಟಿ, ಅದಕ್ಕೆ ಸುಂಕದವರ ಮೊಹರು. ಕೊನೆಗೆ ಪಾಸ್‌ಪೋರ್ಟಿನ ಬದಲು ಒಂದು ಪ್ರಯಾಣ ಪತ್ರ. 1968ರಿಂದ 1971ರೊಳಗೆ ಸುಮಾರು 13,000 ಜನ ಹಾಗೆ ಹೋದರು, ಬಹಳಷ್ಟು ಜನ ಇದೇ ನಿಲ್ದಾಣದಿಂದ, ವಿಯೆನ್ನಾ ಕಡೆಯ ರೈಲಿನಲ್ಲಿ. ಇಸ್ರೇಲಿಗೆ ಹೋಗುತ್ತೇವೆಂದು ಬರೆಸಿಕೊಂಡವರಲ್ಲಿ ಎಷ್ಟೋ ಮಂದಿ ಸೇರಿದ್ದು ಸ್ವೀಡನ್, ಡೆನ್ಮಾರ್ಕ್, ಅಮೆರಿಕ.

"ನನಗೆ ಆಗ ಒಂಬತ್ತು ವರ್ಷ" ಅಂದರು ಹಿರಿಯರು. "ನನ್ನ ಬೆಂಚಿನ ಹುಡುಗ ಈಸ್ಟರ್ ರಜೆ ಮುಗಿಸಿ ಬರಲಿಲ್ಲ. ಟೀಚರ್ ಹಾಜರಿ ಕೂಗುವಾಗ ಅವನ ಹೆಸರು ಬಂದ ಕೂಡಲೇ ಒಂದು ಕ್ಷಣ ನಿಲ್ಲಿಸಿ ಮುಂದಿನದಕ್ಕೆ ಹೋಗೋರು. ಮಾರನೇ ದಿನವೂ ಅಷ್ಟೇ. ಆಮೇಲೆ ರಿಜಿಸ್ಟರೇ ಬದಲಾಯ್ತು."

ಅಲ್ಲಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ, ಸ್ತಾವ್ಕಿ ಬೀದಿಯಲ್ಲಿ, ಬಿಳಿ ಗೋಡೆಯ ಒಂದು ಸ್ಮಾರಕ: ಉಮ್‌ಶ್ಲಾಗ್‌ಪ್ಲಾಟ್ಸ್. 1942ರ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಜರ್ಮನರು ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಇಲ್ಲಿಂದ ರೈಲಿಗೆ ತುಂಬಿ ಟ್ರೆಬ್ಲಿಂಕಾದ ವಿಷಾನಿಲಕ್ಕೆ ಕಳಿಸಿದರು. ಎರಡು ರೈಲೂ ಒಂದೇ ಅಲ್ಲ. ಒಂದು ಕೊಲ್ಲಲು, ಇನ್ನೊಂದು ಓಡಿಸಲು. ಒಂದು ಪರದೇಶಿ ದಂಡಿನದು, ಇನ್ನೊಂದು ಸ್ವಂತ ಸರ್ಕಾರದ್ದು. ಆದರೆ ಮೊದಲನೆಯದರಿಂದ ಹೇಗೋ ಉಳಿದವರನ್ನು, ಅವರ ಮಕ್ಕಳನ್ನು, ಕೂಗಳತೆಯ ದೂರದಲ್ಲಿ ಎರಡನೆಯದಕ್ಕೆ ಹತ್ತಿಸಿದರಲ್ಲ, ಆ ಅಧಿಕಾರಿಗಳ ಕಚೇರಿಯಲ್ಲಿ ಊರಿನ ನಕ್ಷೆ ಇರಲಿಲ್ಲವೇ?

ಮೂರನೇ ದಿನ, ಸೋಮವಾರ

ಬೆಳಿಗ್ಗೆ ತ್ಲೊಮಾತ್ಸ್ಕಿಯೆ ಬೀದಿಯ ಯಹೂದಿ ಇತಿಹಾಸ ಸಂಸ್ಥೆ. ನೋಡಬೇಕೆಂದು ಊರಿನಿಂದಲೇ ಬರೆದುಕೊಂಡು ಬಂದದ್ದು ಇದೊಂದೇ. ನೆಲಮಟ್ಟದ ಮಬ್ಬು ಬೆಳಕಿನಲ್ಲಿ ಒಂದು ಹಾಲಿನ ಕ್ಯಾನು. ನಮ್ಮ ಡೇರಿಗೆ ಹಾಲು ಹಾಕುವವರು ಸೈಕಲ್ಲಿಗೆ ಕಟ್ಟುತ್ತಿದ್ದರಲ್ಲ, ಹೆಚ್ಚುಕಡಿಮೆ ಅಂಥದ್ದೇ. ತುಕ್ಕು ತಿಂದು ಬುಡದ ಕಡೆ ಮಣ್ಣಿನ ಬಣ್ಣಕ್ಕೆ ತಿರುಗಿದೆ.

ಇಮ್ಯಾನುಯೆಲ್ ರಿಂಗೆಲ್‌ಬ್ಲೂಮ್ ಎಂಬ ಇತಿಹಾಸಕಾರ ಘೆಟ್ಟೊದೊಳಗೆ ಗುಟ್ಟಾಗಿ ದಾಖಲೆ ಕೂಡಿಸುವ ತಂಡ ಕಟ್ಟಿದ. ದಿನಚರಿ, ರೇಷನ್ ಚೀಟಿ, ಮಕ್ಕಳ ಪ್ರಬಂಧ, ಮಿಠಾಯಿ ಕಾಗದ, ಗೋಡೆಗೆ ಅಂಟಿಸಿದ ಆಜ್ಞೆ, ಸಿಕ್ಕಿದ್ದೆಲ್ಲ. ಸಾಗಿಸುವ ರೈಲುಗಳು ಶುರುವಾದಾಗ ತಗಡಿನ ಪೆಟ್ಟಿಗೆ ಮತ್ತು ಹಾಲಿನ ಕ್ಯಾನುಗಳಿಗೆ ತುಂಬಿ ಒಂದು ಶಾಲೆಯ ನೆಲಮಾಳಿಗೆಯಲ್ಲಿ ಹೂತರು. 1946ರಲ್ಲಿ ಪೆಟ್ಟಿಗೆಗಳು, 1950ರಲ್ಲಿ ಎರಡು ಕ್ಯಾನುಗಳು ಸಿಕ್ಕವು. ರಿಂಗೆಲ್‌ಬ್ಲೂಮ್ ಉಳಿಯಲಿಲ್ಲ. 1944ರಲ್ಲಿ ಅವನನ್ನು, ಹೆಂಡತಿ ಮಗನನ್ನು, ಅಡಗಿಸಿಟ್ಟಿದ್ದ ಪೋಲಿಶ್ ಕುಟುಂಬದ ಇಬ್ಬರ ಸಮೇತ ಕೊಂದರು.

ಕಡತ ಕಾಯುವ ಕೆಲಸವನ್ನು ನಾನು ಜೀವನವಿಡೀ ಬೈದುಕೊಂಡು ಮಾಡಿದವನು. ರೆಕಾರ್ಡ್ ರೂಮಿನ ಗೆದ್ದಲು, ಕೆಂಪು ಬಟ್ಟೆಯ ಗಂಟು, ಸಿಕ್ಕದ ಸರ್ವೆ ನಂಬರ್. ಕ್ಯಾನಿನ ಮುಂದೆ ಬಹಳ ಹೊತ್ತು ನಿಂತೆ. ಇವಳು ಬಂದು ತೋಳು ಹಿಡಿದು ಕರೆದುಕೊಂಡು ಹೋದಳು.

ಮಧ್ಯಾಹ್ನ ಪೋಲಿನ್ ಮ್ಯೂಸಿಯಂ. ಪೋಲೆಂಡ್ ಯಹೂದಿಗಳ ಸಾವಿರ ವರ್ಷದ ಚರಿತ್ರೆ ಇಲ್ಲಿದೆ. ಯುದ್ಧಕ್ಕೆ ಮುಂಚೆ ಈ ದೇಶದಲ್ಲಿ 33 ಲಕ್ಷದಷ್ಟು ಯಹೂದಿಗಳಿದ್ದರು, ಹತ್ತರಲ್ಲಿ ಒಬ್ಬರು. ಮರದ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಒಂದರ ಬಣ್ಣದ ಮಾಡನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಕತ್ತೆತ್ತಿದರೆ ಸಿಂಹ, ಆನೆ, ಬಳ್ಳಿ, ರಾಶಿಚಕ್ರ. ಅದನ್ನು ದಾಟಿ ಮುಂದಕ್ಕೆ ಹೋದಂತೆ ಕಾಗದಗಳು ಹೆಚ್ಚಾಗುತ್ತವೆ.

1938ರ ಮಾರ್ಚ್‌ನಲ್ಲಿ ಪೋಲೆಂಡ್ ಸರ್ಕಾರ ಒಂದು ಕಾನೂನು ತಂದಿತು: ಐದು ವರ್ಷಕ್ಕಿಂತ ಹೆಚ್ಚು ಕಾಲ ಹೊರದೇಶದಲ್ಲಿದ್ದು ನಂಟು ಕಳೆದುಕೊಂಡವರ ಪೌರತ್ವ ಕಿತ್ತುಕೊಳ್ಳಬಹುದು. ಜರ್ಮನಿ, ಆಸ್ಟ್ರಿಯಾಗಳಿಂದ ತನ್ನ ಯಹೂದಿ ಪ್ರಜೆಗಳು ಹಿಂದಿರುಗಿ ಬಂದಾರು ಎಂಬ ಭಯ. ಆ ಬಾಗಿಲು ಮುಚ್ಚುವ ಮುನ್ನವೇ ಅಕ್ಟೋಬರ್ ಕೊನೆಗೆ ಜರ್ಮನಿ ಸುಮಾರು 17,000 ಜನರನ್ನು ಗಡಿಗೆ ತಂದು ದೂಡಿತು. ಸಾವಿರಾರು ಮಂದಿ ಜ್ಬೊಂಶಿನ್ ಎಂಬ ಗಡಿ ಊರಿನ ಲಾಯ, ಶೆಡ್ಡುಗಳಲ್ಲಿ ಚಳಿಗಾಲ ಕಳೆದರು. ಅದೇ ಕಾಲದ ಸರ್ಕಾರ ಯಹೂದಿಗಳನ್ನು ಮಡಗಾಸ್ಕರಿಗೆ ಕಳಿಸಬಹುದೇ ಎಂದು ನೋಡಿ ಬರಲು ಸಮಿತಿ ಕಳಿಸಿತ್ತು. ಪ್ಯಾಲೆಸ್ಟೈನಿನಲ್ಲಿ ಯಹೂದಿ ರಾಷ್ಟ್ರಕ್ಕಾಗಿ ಹೋರಾಡುವ ಗುಂಪಿಗೆ ಆಯುಧ, ತರಬೇತಿಯನ್ನೂ ಕೊಡುತ್ತಿತ್ತು. ಪ್ರೀತಿಯಿಂದಲ್ಲ. ಅಲ್ಲೊಂದು ದೇಶವಾದರೆ ಇಲ್ಲಿನವರು ಹೋಗುತ್ತಾರೆ ಎಂದು. ಮೂವತ್ತು ವರ್ಷದ ನಂತರ ಬಂದ ಸರ್ಕಾರ ಇಸ್ರೇಲನ್ನು ಶತ್ರು ಎಂದಿತು, ಬೇಡಿಕೆ ಮಾತ್ರ ಅದೇ.

ಇನ್ನೊಂದು ಕಡೆ ಗಾಜಿನೊಳಗೆ 1968ರ ಪ್ರಯಾಣ ಪತ್ರ. ಮಗಳು ಓದಿ ಹೇಳಿದಳು: ಈ ಪತ್ರ ಹೊಂದಿರುವವರು ಪೋಲೆಂಡಿನ ಪ್ರಜೆಯಲ್ಲ. ಯಾವ ದೇಶದ ಪ್ರಜೆ ಎಂದು ಎಲ್ಲೂ ಇಲ್ಲ. ನಾನೂ ಸಾವಿರಾರು ದೃಢೀಕರಣ ಪತ್ರಕ್ಕೆ ಷರಾ ಬರೆದಿದ್ದೇನೆ. 'ಇವರು ಇಂಥವರು' ಎಂದು ಬರೆಯುತ್ತೇವೆಯೇ ಹೊರತು 'ಇವರು ಇಂಥವರಲ್ಲ' ಎಂದಷ್ಟೇ ಬರೆದು ಮೊಹರು ಹಾಕಿ ಕೈಗೆ ಕೊಟ್ಟದ್ದು ನೆನಪಿಲ್ಲ.

ಮ್ಯೂಸಿಯಮ್ಮಿನ ಮಾಲೀಕತ್ವ ನಮ್ಮ ಭಾಷೆಯಲ್ಲಿ ಹೇಳುವುದಾದರೆ ಜಂಟಿ ಖಾತೆ: ಸಂಸ್ಕೃತಿ ಸಚಿವಾಲಯ, ವಾರ್ಸಾ ನಗರ, ಖಾಸಗಿ ಸಂಘ, ಮೂವರದು. 2018ರಲ್ಲಿ 1968ರ ಐವತ್ತನೇ ವರ್ಷಕ್ಕೆ ಇಲ್ಲಿ ಒಂದು ಪ್ರದರ್ಶನ ನಡೆಯಿತು. ಅಂದಿನ ಯಹೂದಿ ವಿರೋಧಿ ಮಾತುಗಳ ಪಕ್ಕದಲ್ಲಿ ಇಂದಿನವರು ಆಡಿದ ಅಂಥದೇ ಮಾತುಗಳನ್ನೂ ಇಟ್ಟಿದ್ದರು. ಸರ್ಕಾರಕ್ಕೆ ಉರಿ ಹತ್ತಿತು. ನಿರ್ದೇಶಕರಾಗಿದ್ದ ದಾರಿಯುಷ್ ಸ್ತೋಲಾ 2019ರಲ್ಲಿ ಆ ಹುದ್ದೆಯ ಸ್ಪರ್ಧೆ ಮತ್ತೆ ಗೆದ್ದರೂ ಸಂಸ್ಕೃತಿ ಸಚಿವರು ನೇಮಕದ ಆದೇಶಕ್ಕೆ ಸಹಿ ಹಾಕಲಿಲ್ಲ. ತಿಂಗಳುಗಟ್ಟಲೆ ಕಡತ ಮೇಜಿನ ಮೇಲೇ ಕುಳಿತಿತು, ಕೊನೆಗೆ ಸ್ತೋಲಾ ತಾವೇ ಹಿಂದೆ ಸರಿದರು. ಆಹಾ, ಈ ವಿದ್ಯೆ ನಮಗೂ ಗೊತ್ತು ಸ್ವಾಮಿ.

ಅದೇ 2018ರ ಇನ್ನೊಂದು ಕಾನೂನಿನ ಬಗ್ಗೆ ಸಂಜೆ ಊಟಕ್ಕೆ ಬಂದಿದ್ದ ಹಿರಿಯರು ಬಿಸಿಯಾದರು. ನಾಜಿಗಳ ಅಪರಾಧಕ್ಕೆ ಪೋಲಿಶ್ ಜನಾಂಗವೋ ರಾಷ್ಟ್ರವೋ ಹೊಣೆ ಎಂದು ಹೇಳಿದವರಿಗೆ ಮೂರು ವರ್ಷದವರೆಗೆ ಜೈಲು. ಸಂಸತ್ತು ಅದಕ್ಕೆ ಮತ ಹಾಕಿದ್ದು ಜನವರಿ 26ರಂದು, ಹೋಲೊಕಾಸ್ಟ್, ಅಂದರೆ ನಾಜಿಗಳು ನಡೆಸಿದ ಯಹೂದಿ ನರಮೇಧ, ಅದರ ಸ್ಮರಣೆಯ ದಿನದ ಹಿಂದಿನ ದಿನ. ಇಸ್ರೇಲ್ ಕೆರಳಿತು, ಅಮೆರಿಕ ಮುಖ ತಿರುಗಿಸಿತು, ಜೂನ್‌ನಲ್ಲಿ ಜೈಲಿನ ಮಾತನ್ನು ತೆಗೆದುಹಾಕಿದರು. "ದಡ್ಡ ಕಾನೂನು" ಅಂದರು ಹಿರಿಯರು. ಆಮೇಲೆ ಚಮಚ ಕೆಳಗಿಟ್ಟರು. "ಆದ್ರೆ ಕೇಳಿ. ಕ್ಯಾಂಪು ಕಟ್ಟಿದ್ದು ಜರ್ಮನರು. ಲೋಕ ಪೋಲಿಶ್ ಕ್ಯಾಂಪು ಅನ್ನುತ್ತೆ. ಯಹೂದಿಗೆ ಜಾಗ ಕೊಟ್ಟರೆ ಇಲ್ಲಿ ಮರಣದಂಡನೆ ಇತ್ತು. ಆದ್ರೂ ಕೊಟ್ಟವರಲ್ಲಿ 7,000ಕ್ಕೂ ಹೆಚ್ಚು ಜನರ ಹೆಸರನ್ನ ಇಸ್ರೇಲೇ ಗೌರವದ ಪಟ್ಟಿಗೆ ಸೇರಿಸಿದೆ. ಹೀಗಿರುವಾಗ 2019ರಲ್ಲಿ ಅವರ ಮಂತ್ರಿ, ಪೋಲರು ತಾಯಿಹಾಲಿನ ಜೊತೆಗೇ ಯಹೂದಿ ದ್ವೇಷ ಕುಡಿಯುತ್ತಾರೆ ಅಂದ. ನನ್ನ ತಾಯಿ ಬಗ್ಗೆ ಅವನಿಗೇನು ಗೊತ್ತು?" ಆ ಮಾತಿಗೆ ಪೋಲೆಂಡ್ ಜೆರುಸಲೆಮ್ಮಿನ ಶೃಂಗಸಭೆಗೆ ಹೋಗಲೇ ಇಲ್ಲವಂತೆ. ಹೋಗದಿದ್ದದ್ದು ಸರಿ ಎಂದೇ ನನಗೂ ಅನ್ನಿಸಿತು.

ಅಳಿಯಂದಿರು ಆಸ್ತಿ ವಿಷಯ ಎತ್ತಿದರು, ನಾನು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡೆ. 1945ರ ಅಕ್ಟೋಬರ್‌ನ ಒಂದೇ ಆದೇಶದಿಂದ ಇಡೀ ವಾರ್ಸಾದ ನೆಲ ನಗರಾಡಳಿತದ್ದಾಯಿತು. ಮಾಲೀಕರು ಸತ್ತ ಮನೆಗಳು ದೇಶದ ತುಂಬ ಇದ್ದವು, ವಾರಸುದಾರರಿಲ್ಲವೆಂದು ಅವೂ ಸರ್ಕಾರಕ್ಕೆ ಸೇರಿಹೋದವು. ಕಮ್ಯುನಿಸಂ ಹೋದಮೇಲೂ ಹಿಂದಿರುಗಿಸುವ ಸಮಗ್ರ ಕಾನೂನು ಬರಲೇ ಇಲ್ಲ. 2021ರಲ್ಲಿ, ಮೂವತ್ತು ವರ್ಷ ದಾಟಿದ ಸರ್ಕಾರಿ ಆದೇಶಗಳನ್ನು ಪ್ರಶ್ನಿಸುವಂತಿಲ್ಲ ಎಂಬ ತಿದ್ದುಪಡಿಗೆ ಅಧ್ಯಕ್ಷ ದುದಾ ಸಹಿ ಹಾಕಿದರು. ಇಸ್ರೇಲ್ ತನ್ನ ರಾಯಭಾರ ಕಚೇರಿಯ ಮುಖ್ಯಸ್ಥರನ್ನು ವಾಪಸ್ ಕರೆಸಿಕೊಂಡಿತು. ಮತ್ತೆ ಇಸ್ರೇಲಿನ ರಾಯಭಾರಿ ಬಂದದ್ದು 2022ರಲ್ಲಿ.

ಕಾನೂನು ಯಹೂದಿ, ಕ್ಯಾಥೊಲಿಕ್ ಎಂದು ಭೇದ ಮಾಡುವುದಿಲ್ಲ ಎಂದಿತ್ತು ಆಗಿನ ಸರ್ಕಾರ. ಅದೂ ನಿಜ. ಹಳೇ ಹಕ್ಕುಪತ್ರಗಳನ್ನು ಚಿಲ್ಲರೆ ಕಾಸಿಗೆ ಕೊಂಡ ದಲ್ಲಾಳಿಗಳು ವಾರ್ಸಾದಲ್ಲಿ ಬಾಡಿಗೆದಾರರನ್ನು ಬೀದಿಪಾಲು ಮಾಡಿದ್ದೂ ನಿಜ. ನಮ್ಮಲ್ಲೂ ಖಾಸಗಿ ಜಮೀನಿಗೆ ಹನ್ನೆರಡು ವರ್ಷದ ಕಾಲಮಿತಿ ಇದೆ. ಆದರೆ ಕಾಲಮಿತಿಯ ನ್ಯಾಯ ನಿಂತಿರುವುದು, ಹಕ್ಕುದಾರ ಬದುಕಿದ್ದೂ ಸುಮ್ಮನಿದ್ದ ಎಂಬ ಊಹೆಯ ಮೇಲೆ.

ನಾಲ್ಕನೇ ದಿನ, ಮಂಗಳವಾರ

ಕಿಯೆಲ್ತ್ಸೆಗೆ ರೈಲು. ಪ್ರವಾಸಿಗಳು ಇಳಿಯದ ಊರು. ಪ್ಲಾಂಟಿ ಬೀದಿ, 7ನೇ ನಂಬರಿನ ಕಟ್ಟಡ, ಎದುರಿಗೆ ಕಾಲುವೆಯಷ್ಟು ಅಗಲದ ಸಿಲ್ನಿತ್ಸಾ ಹೊಳೆ. ದಡದಲ್ಲಿ ಬಾತುಕೋಳಿ, ತಳ್ಳುಗಾಡಿಯಲ್ಲಿ ಕೂಸು.

1946ರ ಜುಲೈ. ಯುದ್ಧ ಮುಗಿದು ವರ್ಷ ದಾಟಿದೆ. ಶಿಬಿರಗಳಿಂದ, ಸೋವಿಯತ್ ದೇಶದಿಂದ ಬದುಕಿ ಬಂದ ಯಹೂದಿಗಳು ಈ ಕಟ್ಟಡದಲ್ಲಿದ್ದರು. ಎಂಟು ವರ್ಷದ ಹುಡುಗನೊಬ್ಬ ಎರಡು ದಿನ ಮನೆಯಿಂದ ನಾಪತ್ತೆಯಾಗಿ ಬಂದು, ಯಹೂದಿಗಳು ನನ್ನನ್ನು ನೆಲಮಾಳಿಗೆಯಲ್ಲಿ ಕೂಡಿಹಾಕಿದ್ದರು ಎಂದ. ಪೊಲೀಸರು ಬಂದರು, ಸೈನಿಕರು ಬಂದರು, ಜನ ಸೇರಿತು. ಮೊದಲು ನುಗ್ಗಿದ್ದು ಸಮವಸ್ತ್ರದವರೇ. ಸಂಜೆಯೊಳಗೆ ನಲವತ್ತರಷ್ಟು ಹೆಣ.

ಹೊಳೆ ಇಷ್ಟು ಹತ್ತಿರ ಇದ್ದುದರಿಂದಲೋ ಏನೋ, ಆ ಕಟ್ಟಡಕ್ಕೆ ನೆಲಮಾಳಿಗೆಯೇ ಇರಲಿಲ್ಲ.

ಈ ಒಂದು ಸಾಲಿಗಾಗಿಯೇ ನಾನು ಎರಡು ಗಂಟೆ ರೈಲಿನಲ್ಲಿ ಬಂದದ್ದು. ನಮ್ಮಲ್ಲಿ ಯಾವ ತಂಟೆ ಎದ್ದರೂ ಸ್ಥಳ ಮಹಜರು ಅಂತ ಒಂದಿದೆ. ಗ್ರಾಮಲೆಕ್ಕಿಗ ಹೋಗಿ, ಇಬ್ಬರು ಪಂಚರನ್ನು ನಿಲ್ಲಿಸಿಕೊಂಡು, ಕಣ್ಣಾರೆ ಕಂಡದ್ದನ್ನು ಬರೆಯುತ್ತಾನೆ. ಅವತ್ತು ಬೆಳಿಗ್ಗೆ ಹತ್ತು ಗಂಟೆಗೆ ಒಬ್ಬನೇ ಒಬ್ಬ ಅಧಿಕಾರಿ ಮೆಟ್ಟಿಲಿಳಿಯಲು ನೋಡಿದ್ದರೆ ಇಳಿಯಲು ಮೆಟ್ಟಿಲಿಲ್ಲ ಎಂದು ತಿಳಿಯುತ್ತಿತ್ತು. ನಾನು ಕಟ್ಟಡದ ಸುತ್ತ ಒಂದು ಬಾರಿ ನಡೆದೆ, ಬುಡದಲ್ಲಿ ಕಿಂಡಿ ಇದೆಯೇ ಎಂದು ಬಗ್ಗಿ ನೋಡಿದೆ. ಮಗಳು "ಅಪ್ಪ, ಜನ ನೋಡ್ತಿದಾರೆ" ಅಂದಳು.

ಎಂಟು ದಿನದಲ್ಲಿ ಒಂಬತ್ತು ಜನಕ್ಕೆ ಗುಂಡು ಹೊಡೆದು ಸರ್ಕಾರ ಪ್ರಕರಣ ಮುಗಿಸಿತು. ಮುಂದಿನ ತಿಂಗಳುಗಳಲ್ಲಿ ಹತ್ತಾರು ಸಾವಿರ ಯಹೂದಿಗಳು ದಕ್ಷಿಣದ ಗಡಿ ದಾಟಿದರು. ಆಗ ಮಾತ್ರ ಸರ್ಕಾರ ಯಾವ ಕಾಗದವನ್ನೂ ಕೇಳಲಿಲ್ಲ. 2016ರಲ್ಲಿ ಶಿಕ್ಷಣ ಸಚಿವೆ ಆನ್ನಾ ಜಲೆವ್ಸ್ಕಾ ಅವರನ್ನು ಟಿವಿಯಲ್ಲಿ, ಕಿಯೆಲ್ತ್ಸೆಯಲ್ಲಿ ಕೊಂದವರು ಯಾರು ಎಂದು ಕೇಳಿದರು. ಅವರು ನೇರ ಉತ್ತರ ಕೊಡದೆ ಸುತ್ತಿ ಬಳಸಿದರು. ಅಂದು ಪಠ್ಯಪುಸ್ತಕ ಅವರ ಇಲಾಖೆಯದು.

ಐದನೇ ದಿನ, ಬುಧವಾರ

ಕ್ರಾಕೂಫ್. ಚೆಂದದ ಊರು, ಎಲ್ಲರೂ ಬರೆದಿದ್ದಾರೆ, ನಾನು ಬರೆಯುವುದಿಲ್ಲ. ಜರ್ಮನರ ಹತ್ಯಾ ಶಿಬಿರವಿದ್ದ ಆಷ್‌ವಿಟ್ಜ್ ಇಲ್ಲಿಂದ ಹತ್ತಿರ. ಟಿಕೆಟ್ ಸಿಗಲಿಲ್ಲ ಎಂದು ನೆಂಟರಿಗೆಲ್ಲ ಹೇಳಿದ್ದೇನೆ. ನಿಜವೆಂದರೆ ಇವಳು ಬೇಡವೆಂದಳು, ನನಗೂ ಯಾರಾದರೂ ಬೇಡವೆನ್ನುವುದೇ ಬೇಕಿತ್ತು.

ಹಳೇ ಯಹೂದಿ ಕೇರಿ ಕಾಜಿಮಿಯೆಜ್‌ನ ನಡುವಿನ ಚೌಕದಲ್ಲಿ ಒಂದು ದುಂಡು ಕಟ್ಟಡ. ಒಂದು ಕಾಲಕ್ಕೆ ಯಹೂದಿ ವಿಧಿಯಂತೆ ಕೋಳಿ ಕೊಯ್ಯುವ ಜಾಗ, ಈಗ ಉದ್ದ ಬ್ರೆಡ್ಡಿನ ಮೇಲೆ ಅಣಬೆ, ಚೀಸ್ ಸುಟ್ಟುಕೊಡುವ ಕಿಟಕಿಗಳು. ಇವಳು ಚಟ್ನಿಪುಡಿ ಉದುರಿಸಿಕೊಂಡು ತಿಂದಳು. ಪಕ್ಕದ ಅಂಗಡಿಯಲ್ಲಿ ಮರದ ಪುಟ್ಟ ಯಹೂದಿ ಗೊಂಬೆಗಳು, ಒಂದೊಂದರ ಕೈಯಲ್ಲೂ ಒಂದೊಂದು ನಾಣ್ಯ.

ಕೇರಿಯ ಹಳೇ ಬಾಗಿಲೊಂದರ ಮುಂದೆ ಮಗಳು ನಿಲ್ಲಿಸಿದಳು. ಬಲಗಡೆಯ ಚೌಕಟ್ಟಿನಲ್ಲಿ, ಭುಜದ ಎತ್ತರಕ್ಕೆ, ಓರೆಯಾಗಿ ಬೆರಳುದ್ದದ ಒಂದು ಹಳ್ಳ. ಐದಾರು ಪದರ ಬಣ್ಣ ಬಳಿದಿದ್ದಾರೆ, ಹಳ್ಳ ಮುಚ್ಚಿಲ್ಲ. ಯಹೂದಿಗಳು ಬಾಗಿಲಿಗೆ ಮೆಜುಜಾ ಎಂಬ ಸಣ್ಣ ಕರಂಡಿಕೆ ಕಟ್ಟುತ್ತಾರೆ, ಒಳಗೆ ಅವರ ಧರ್ಮಗ್ರಂಥ ತೋರಾದ ಸಾಲು. ಅದನ್ನು ಕಿತ್ತ ಗುರುತು ಇದು. ಸರ್ವೆಯವರಿಗೆ ಇದು ಗೊತ್ತು: ಹದ್ದಿನ ಕಲ್ಲು ಕಿತ್ತೆಸೆದರೂ ನೆಲ ಕೆದಕಿದರೆ ಗುಣಿ ಸಿಗುತ್ತದೆ, ಅಲ್ಲಿಯ ಮಣ್ಣಿನ ಬಣ್ಣ ಬೇರೆ. ಬೆರಳಿಟ್ಟು ನೋಡಿದೆ. ಒಳಗಿನಿಂದ ಯಾರೋ ಬಾಗಿಲು ತೆಗೆದರು, ನಾವು ಸರಿದು ನಿಂತೆವು.

ಆರನೇ ದಿನ, ಗುರುವಾರ

ವಾಪಸ್ ವಾರ್ಸಾ. ಟ್ಯಾಕ್ಸಿ ಸಂಸತ್ತಿನ ಪಕ್ಕ ಹಾದಾಗ ಅಳಿಯಂದಿರು ತೋರಿಸಿದರು: 2023ರ ಡಿಸೆಂಬರ್‌ನಲ್ಲಿ ಗ್ಜೆಗೋಜ್ ಬ್ರೌನ್ ಎಂಬ ಸಂಸದ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಯಹೂದಿ ಹಬ್ಬ ಹನುಕ್ಕಾದ ದೀಪ ಆರಿಸಿದ್ದು ಅಲ್ಲೇ. ಸಭಾಧ್ಯಕ್ಷರು ಆತನನ್ನು ಹೊರಗೆ ಹಾಕಿದರು. ದೀಪವನ್ನು ಅವತ್ತೇ ಮತ್ತೆ ಹಚ್ಚಿದರು. ಅದರ ಮರುದಿನ ಪ್ರಮಾಣವಚನ ಸ್ವೀಕರಿಸಿದ ಪ್ರಧಾನಿ ಟುಸ್ಕ್ ಅವರ ಸರ್ಕಾರದ ಕಷ್ಟ ಬೇರೆ. 2024ರ ಏಪ್ರಿಲ್‌ನಲ್ಲಿ ಗಾಜಾದಲ್ಲಿ ಊಟ ಹಂಚುತ್ತಿದ್ದ ಪೋಲಿಶ್ ಸ್ವಯಂಸೇವಕ ದಾಮಿಯಾನ್ ಸೊಬೂಲ್ ಇಸ್ರೇಲಿ ದಾಳಿಗೆ ಸತ್ತಾಗ ರಾಯಭಾರಿಯನ್ನು ಕರೆಸಿ ಗದರಿಸಬೇಕಾಯಿತು. ಅದೇ ಸರ್ಕಾರ 2025ರ ಜನವರಿಯಲ್ಲಿ, ಆಷ್‌ವಿಟ್ಜ್ ಬಿಡುಗಡೆಯ 80ನೇ ವರ್ಷಾಚರಣೆಗೆ ಇಸ್ರೇಲ್ ಪ್ರಧಾನಿ ನೆತನ್ಯಾಹು ಬಂದರೆ, ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ವಾರಂಟ್ ಇದ್ದರೂ, ಹಿಡಿಯುವುದಿಲ್ಲ ಎಂದು ನಿರ್ಣಯ ಮಾಡಿತು. ಅವರು ಬರಲಿಲ್ಲ.

ಓಹೋತಾ ಬಡಾವಣೆಯಲ್ಲಿ ಒಳ್ಳೇ ಮಹಾರಾಜನ ಚೌಕ ನೋಡಿದೆವು. ಯುದ್ಧಕಾಲದಲ್ಲಿ ಪೋಲಿಶ್ ಅನಾಥ ಮಕ್ಕಳಿಗೆ ಆಶ್ರಯ ಕೊಟ್ಟ ನವಾನಗರದ ಜಾಮ್‌ಸಾಹೇಬರ ನೆನಪು. ನನಗೆ ನೆನಪಾದದ್ದು ಎದುರು ದಿಕ್ಕಿನಲ್ಲಿ ಹೋದ ಒಬ್ಬ: ವಾರ್ಸಾದ ಬಡ ಯಹೂದಿ ಮನೆಯ ಎಂಜಿನಿಯರ್ ಮಾರಿಸ್ ಫ್ರೀಡ್‌ಮನ್. 1930ರ ದಶಕದಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಕರೆಗೆ ಬೆಂಗಳೂರಿಗೆ ಬಂದು ಸರ್ಕಾರಿ ವಿದ್ಯುತ್ ಕಾರ್ಖಾನೆ ನಡೆಸಿದವನು. ಮೈಸೂರು ರಸ್ತೆಯಲ್ಲಿ ಈಗ ಕವಿಕ ಅನ್ನುತ್ತೇವಲ್ಲ, ಅದು. ಆಮೇಲೆ ಸನ್ಯಾಸ ತೆಗೆದುಕೊಂಡು ಭಾರತಾನಂದನಾದ, ಕಾವಿ ಉಟ್ಟೇ ಕಾರ್ಖಾನೆಗೆ ಬರುತ್ತಿದ್ದನಂತೆ.

ಸಂಜೆ ಓನರಮ್ಮ ನೀರಿನ ಮೀಟರ್ ನೋಡಲು ಬಂದರು. ಇವಳು ಮೈಸೂರ್ ಪಾಕ್ ಕೊಟ್ಟಳು. ಎರಡು ತಿಂದರು, ಕೈ ಒರೆಸಿಕೊಂಡು ರೀಡ್ ಮಾಡಿದರು. ಪಟದ ಬಗ್ಗೆ ಕೇಳು ಎಂದು ಮಗಳಿಗೆ ಕಣ್ಣು ಮಾಡಿದೆ. ಮಗ ಮನೆ ಕೊಂಡಾಗ ಸಂತೆಯಲ್ಲಿ ತಂದದ್ದು, ಎಲ್ಲರ ಮನೆಯಲ್ಲೂ ಇರುತ್ತೆ, ಒಳ್ಳೆಯದಾಗಲಿ ಅಂತ, ಅಂದರು. ಅವರ ಮಾತಿನಲ್ಲಿ ವಿಷವೇನೂ ಇರಲಿಲ್ಲ. ನಿಮ್ಮ ಕಡೆ ಯಹೂದಿಗಳಿದ್ದಾರಾ ಎಂದು ಅವರೇ ಕೇಳಿದರು.

ನಾನು ಫ್ರೀಡ್‌ಮನ್ ಕಥೆ ಹೇಳಿದೆ. ಇದೇ ಊರಿನವನು, ನಮ್ಮೂರಿಗೆ ಬಂದಿದ್ದ.

ಓನರಮ್ಮ ಏನೋ ಕೇಳಿದರು. ಮಗಳು ತಡೆದು ತಡೆದು ಕನ್ನಡಕ್ಕೆ ತಂದಳು: "ಅಲ್ಲಿ ಬಡ್ಡಿ ವ್ಯವಹಾರ ಮಾಡ್ತಿದ್ರಾ ಅಂತ ಕೇಳ್ತಿದಾರಪ್ಪ."

"ಟ್ರಾನ್ಸ್‌ಫಾರ್ಮರ್ ಮಾಡ್ತಿದ್ದ ಅನ್ನು. ಸಂಬಳ ದಾನ ಕೊಟ್ಬಿಡ್ತಿದ್ದ ಅನ್ನು."

ಮಗಳು ಹೇಳಿದಳು. ಓನರಮ್ಮ ಬಾಗಿಲ ಕಡೆ ಒಮ್ಮೆ ನೋಡಿದರು, ಮೀಟರ್ ಪುಸ್ತಕದಲ್ಲಿ ಅಂಕಿ ಬರೆದುಕೊಂಡು, ನನ್ನ ಮುಂದೆ ಹಿಡಿದು, ಸಹಿ ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದರು.